ಹೊರೆ ಇಳಿಸಲು ಒಂದು ಕಲ್ಲು

ಭಾನುವಾರದ ಬಲಿಪೂಜೆಗೆ ಗಂಟೆ ಬಾರಿಸುವ ಮೊದಲೇ ಬಂದರೂ ಕೊನೆಯ ಬೆಂಚಿನಲ್ಲಿ, ಅದರಲ್ಲಿಯೂ ಬಾಗಿಲಿಗೆ ಹತ್ತಿರದ ತುದಿಯಲ್ಲೇ ಕುಳಿತುಕೊಳ್ಳುವ ಕೆಲವು ತಾಯಂದಿರನ್ನು ನಾವೆಲ್ಲರೂ ಕಂಡಿದ್ದೇವೆ. ಮುಂದೆ ಜಾಗವಿದೆ ಬನ್ನಿ ಎಂದು ಕರೆದರೆ 'ಇರಲಿ, ಇಲ್ಲಿ ಗಾಳಿ ಬರುತ್ತದೆ' ಎನ್ನುತ್ತಾರೆ. ಅದು ಗಾಳಿಗಾಗಿ ಅಲ್ಲ ಎಂಬುದು ನಮಗೆ ಗೊತ್ತಾದದ್ದು ತೀರ ಈಚೆಗೆ. ಬಲಿಪೂಜೆಯ ಮಧ್ಯದಲ್ಲಿ ಎದ್ದು ಹೋಗಬೇಕಾಗಿ ಬಂದರೆ ನಾಲ್ಕು ಜನರ ಕಣ್ಣಿಗೆ ಬೀಳಬಾರದು, ಮೊಣಕಾಲೂರಿ ಏಳುವಾಗ ಸೀರೆ ಒದ್ದೆಯಾದರೆ ಹಿಂದೆ ಯಾರೂ ಇರಬಾರದು, ಇಷ್ಟೇ ಅದರ ಗುಟ್ಟು.

ಕಳೆದ ಮೊಂತಿ ಹಬ್ಬದ ನಂತರ ನಮ್ಮ ಸ್ತ್ರೀ ಸಂಘಟನೆಯ ಸಭೆಗೆ ಆರೋಗ್ಯದ ಕುರಿತು ಮಾತನಾಡಲು ದಾದಿ ತರಬೇತಿ ಪಡೆದ ಧರ್ಮಭಗಿನಿಯೊಬ್ಬರು ಬಂದಿದ್ದರು. ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ಬಗ್ಗೆ ಹೇಳಿ, ಪ್ರಶ್ನೆಗಳಿದ್ದರೆ ಕೇಳಿ ಎಂದರು. ಯಾರೂ ಬಾಯಿ ಬಿಡಲಿಲ್ಲ. ಚಹಾದ ಹೊತ್ತಿಗೆ ಮಾತ್ರ ಒಬ್ಬೊಬ್ಬರಾಗಿ ಅವರ ಬಳಿ ಸರಿದು, ಸ್ವರ ತಗ್ಗಿಸಿ, ಹೆಚ್ಚುಕಡಿಮೆ ಒಂದೇ ಮಾತನ್ನು ಕೇಳಿದರಂತೆ: 'ಸಿಸ್ಟರ್, ಗೊಬ್ಬರದ ಬುಟ್ಟಿ ಎತ್ತುವಾಗ ನನಗೆ ಮೂತ್ರ ಹೋಗಿಬಿಡುತ್ತದೆ. ಇದು ಎಲ್ಲರಿಗೂ ಆಗುವುದೇ?' ಕೇಳಿದವರಲ್ಲಿ ಮೂವತ್ತು ದಾಟದ ಇಬ್ಬರು ಮಕ್ಕಳ ತಾಯಿಯೂ ಇದ್ದರು, ಮೊಮ್ಮಕ್ಕಳಿರುವವರೂ ಇದ್ದರು. ಒಬ್ಬರು ಹನ್ನೊಂದು ವರ್ಷಗಳಿಂದ ಯಾರಿಗೂ ಹೇಳದೆ ಹಳೇ ಸೀರೆಯ ತುಂಡುಗಳನ್ನು ಮಡಚಿಟ್ಟುಕೊಂಡೇ ದಿನ ಕಳೆಯುತ್ತಿದ್ದರು. ಗಂಡನಿಗೂ ಹೇಳಿರಲಿಲ್ಲ.

ಚರ್ಚಿನ ಪತ್ರಿಕೆಯಲ್ಲಿ ಇಂಥ ವಿಷಯವೇ ಎಂದು ಹುಬ್ಬೇರಿಸುವವರಿಗೆ ಒಂದು ಮಾತು. ಹಸುವಿನ ಕೆಚ್ಚಲು ಬಾವು, ಗರ್ಭ ನಿಲ್ಲದಿರುವುದು ಇವುಗಳ ಬಗ್ಗೆ ನಾವು ಇಂಥ ಪುಟಗಳಲ್ಲಿ ಓದುವಾಗ ಯಾರೂ ನಾಚುವುದಿಲ್ಲ. ಕರು ಹಾಕಿದ ಹಸುವಿನ ಗರ್ಭಕೋಶ ಹೊರಬಂದರೆ ನಡುರಾತ್ರಿಯಲ್ಲೂ ಜೀಪು ಮಾಡಿ ಪಶುವೈದ್ಯರನ್ನು ಕರೆತರುತ್ತೇವೆ. ಅದೇ ಹಟ್ಟಿಯ ಗೊಬ್ಬರ ಹೊರುವ ಹೆಂಗಸಿಗೆ ಹೀಗಾದರೆ ಹನ್ನೊಂದು ವರ್ಷ ಕಾಯಬಹುದು ಎಂಬುದು ಯಾವ ನ್ಯಾಯವೋ ನಮಗೆ ತಿಳಿಯದು.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಭಾರ ಎತ್ತುವಾಗ, ಕೆಮ್ಮುವಾಗ, ಸೀನುವಾಗ ಮೂತ್ರ ಸೋರುವುದು ಬಹಳ ಮಂದಿ ಹೆಂಗಸರಿಗೆ ಇದೆ. ಆದರೆ ಬಹಳ ಮಂದಿಗೆ ಇದೆ ಎಂದ ಮಾತ್ರಕ್ಕೆ ಅದು ಇರಬೇಕಾದದ್ದಲ್ಲ. ಅದು ಹೆಣ್ಣಾಗಿ ಹುಟ್ಟಿದ್ದರ ಸುಂಕವಲ್ಲ, ಮುದಿತನವೂ ಅಲ್ಲ. ಬಹುಪಾಲು ಅದು ಒಂದು ಸ್ನಾಯುವಿನ ಬಲಹೀನತೆ. ಸ್ನಾಯುವಾದ್ದರಿಂದ ಅದನ್ನು ಬಲಪಡಿಸಲು ಬರುತ್ತದೆ. ಆದರೆ ಹೆಂಗಸು ಒಬ್ಬಳೇ ಕುಳಿತು ವ್ಯಾಯಾಮ ಮಾಡಿದರೆ ಸಾಲದು. ಅವಳ ತಲೆಯ ಮೇಲಿನ ಹೊರೆಯ ಲೆಕ್ಕವನ್ನು ಮನೆಯವರು ನೋಡಬೇಕು. ಈ ಎರಡನೆಯದು ನಡೆಯುವುದಿಲ್ಲ ಎಂಬುದೇ ನಮ್ಮ ದೂರು.

ಮೊದಲು ಹೊರೆಯ ಲೆಕ್ಕವನ್ನೇ ನೋಡೋಣ. ಅಡಿಕೆ ತೂಗುವ ತಕ್ಕಡಿ ನಮ್ಮಲ್ಲಿ ಹಲವರ ಮನೆಗಳಲ್ಲಿ ಇದೆ. ಒಂದು ದಿನ ಅದರಲ್ಲಿ ಅಡಿಕೆಯ ಬದಲು ಮನೆಯಾಕೆ ಹೊರುವ ಹಟ್ಟಿಗೊಬ್ಬರದ ಬುಟ್ಟಿಯನ್ನೇ ತೂಗಿ ನೋಡಿ. ಮಳೆಗಾಲದಲ್ಲಿ ಗುಡ್ಡೆಯಿಂದ ತರುವ ಹಸಿ ಸೊಪ್ಪಿನ ಹೊರೆಯನ್ನೂ, ತೋಟದ ಬದುವಿನಿಂದ ಕೊಯ್ದ ಹುಲ್ಲಿನ ಕಟ್ಟವನ್ನೂ ತೂಗಿ. ಬಂದ ಅಂಕೆಯನ್ನು ಅವಳು ದಿನಕ್ಕೆ ಎಷ್ಟು ಸಲ ಹೊರುತ್ತಾಳೋ ಅಷ್ಟರಿಂದ ಗುಣಿಸಿ. ಹದಿನೈದು ಲೀಟರಿನ ಕೊಡಪಾನವೆಂದರೆ ನೀರೇ 15 ಕಿಲೋ. ಬಾವಿಯಿಂದ ಹಟ್ಟಿಗೆ ಹತ್ತು ಕೊಡ ತಂದರೆ 150 ಕಿಲೋ ಆಯಿತು, ಅದೂ ಬೆಳಗಿನ ಕಾಫಿಗೆ ಮೊದಲು. ಪಶು ಆಹಾರದ ಚೀಲ 50 ಕಿಲೋ. ಯೂರಿಯಾ ಚೀಲವನ್ನು 2018ರಲ್ಲಿ 50ರಿಂದ 45 ಕಿಲೋಕ್ಕೆ ಇಳಿಸಿದರು. ಅಂಗಡಿಯಿಂದ ರಿಕ್ಷಾ ಬಂದಾಗ ಗಂಡಸರು ಮನೆಯಲ್ಲಿಲ್ಲದಿದ್ದರೆ ಅದನ್ನು ಅಂಗಳದಿಂದ ಕೊಟ್ಟಿಗೆಗೆ ಎಳೆದುಹಾಕುವವರು ಯಾರು ಎಂದು ಕೇಳಬೇಕಾಗಿಲ್ಲ.

ಇನ್ನು ಒಳಗೆ ನಡೆಯುವ ಸಂಗತಿ. ನಮ್ಮ ಸೊಂಟದ ಎಲುಬಿನ ಗೂಡಿಗೆ ಕೆಳಗಡೆ ಎಲುಬಿನ ತಳವಿಲ್ಲ. ಮುಂದೆ ಗುಹ್ಯದ ಎಲುಬಿನಿಂದ ಹಿಂದೆ ಬಾಲದೆಲುಬಿನ ತನಕ ಜೋಲಿಯ ಹಾಗೆ ಕಟ್ಟಿದ ಸ್ನಾಯುಗಳೇ ಅದರ ತಳ. ವೈದ್ಯರು ಇದನ್ನು ಶ್ರೋಣಿ ತಳ ಎನ್ನುತ್ತಾರೆ. ಮೂತ್ರಕೋಶ, ಗರ್ಭಕೋಶ, ಕರುಳಿನ ಕೊನೆಯ ಭಾಗ, ಮೂರೂ ಈ ಜೋಲಿಯ ಮೇಲೆ ನಿಂತಿವೆ. ಮೂತ್ರನಾಳ, ಯೋನಿ, ಗುದದ್ವಾರ ಈ ಜೋಲಿಯ ನಡುವಿನಿಂದಲೇ ಕೆಳಗೆ ಬರುತ್ತವೆ. ನಾವು ಭಾರ ಎತ್ತಿದಾಗ ಹೊಟ್ಟೆಯೊಳಗೆ ಒತ್ತಡ ಏರಿ ಮೂತ್ರಕೋಶವನ್ನು ಮೇಲಿನಿಂದ ಅದುಮುತ್ತದೆ. ಅದೇ ಕ್ಷಣ ಜೋಲಿ ಬಿಗಿಯಾಗಿ ಮೂತ್ರನಾಳವನ್ನು ಮುಚ್ಚಬೇಕು.

ಜಾನ್ ಡೆಲಾನ್ಸಿ ಎಂಬ ಅಮೆರಿಕದ ವೈದ್ಯರು 1994ರಲ್ಲಿ ಈ ಜೋಲಿಯ ಹೋಲಿಕೆಯನ್ನು ವಿವರಿಸಿದರು. ತೋಟಕ್ಕೆ ನೀರು ಬಿಡುವವರಿಗೆ ಅದು ಸುಲಭವಾಗಿ ಅರ್ಥವಾಗುತ್ತದೆ. ರಬ್ಬರ್ ಪೈಪನ್ನು ಗಟ್ಟಿ ಅಂಗಳದ ಮೇಲಿಟ್ಟು ತುಳಿದರೆ ನೀರು ನಿಲ್ಲುತ್ತದೆ. ಅದೇ ಪೈಪನ್ನು ಕೆಸರಿನಲ್ಲಿಟ್ಟು ತುಳಿದರೆ ಪೈಪು ಹೂತುಹೋಗುತ್ತದೆಯೇ ಹೊರತು ನೀರು ನಿಲ್ಲುವುದಿಲ್ಲ. ಜೋಲಿ ಸಡಿಲವಾದವರಿಗೆ ಆಗುವುದೂ ಇದೇ. ತುಳಿತ ಇದೆ, ಕೆಳಗೆ ಆಧಾರವಿಲ್ಲ.

ಸಡಿಲವಾಗುವುದು ಯಾಕೆ? ಮುಖ್ಯ ಕಾರಣ ಹೆರಿಗೆ. ಮಗು ಹೊರಬರುವಾಗ ಈ ಸ್ನಾಯು ತನ್ನ ಅಳತೆಗಿಂತ ಎಷ್ಟೋ ಪಾಲು ಹಿಗ್ಗುತ್ತದೆ. ದೊಡ್ಡ ಮಗು, ಬಹಳ ಹೊತ್ತಿನ ಬೇನೆ, ಇಕ್ಕಳ ಹಾಕಿ ತೆಗೆದ ಹೆರಿಗೆ ಇವುಗಳಿಂದ ಇನ್ನೂ ಹೆಚ್ಚು ಪೆಟ್ಟಾಗುತ್ತದೆ. ಮುಟ್ಟು ನಿಂತ ಮೇಲೆ ಅಲ್ಲಿನ ಚರ್ಮ, ಮಾಂಸ ತೆಳುವಾಗುತ್ತವೆ. ವರ್ಷಗಟ್ಟಲೆಯ ಕೆಮ್ಮು, ಮಲಬದ್ಧತೆಯಿಂದ ಮುಕ್ಕುವುದು, ಮೈತೂಕ ಹೆಚ್ಚಿರುವುದು, ಇವೂ ಸೇರಿಕೊಳ್ಳುತ್ತವೆ. ಹಾಗೆಂದು ಹೆರದವರಿಗೆ ಇದು ಬರುವುದೇ ಇಲ್ಲ ಎನ್ನುವಂತಿಲ್ಲ. 1994ರಲ್ಲಿ ಅಮೆರಿಕದ ಕಾಲೇಜು ಕ್ರೀಡಾಪಟುಗಳಾದ, ಒಂದು ಮಗುವನ್ನೂ ಹೆರದ ಯುವತಿಯರನ್ನು ವಿಚಾರಿಸಿದಾಗ ನೂರಕ್ಕೆ 28 ಮಂದಿ ಆಟದ ನಡುವೆ ಮೂತ್ರ ಸೋರುವುದುಂಟು ಎಂದರು. ಹಾರಿ ನೆಲಕ್ಕೆ ಬೀಳುವ ಜಿಮ್ನಾಸ್ಟಿಕ್ಸ್‌ನವರಲ್ಲಿ ಅದು ಎಲ್ಲರಿಗಿಂತ ಹೆಚ್ಚು.

ಆದುದರಿಂದ ಭಾರ ಎತ್ತುವುದೇ ಪಾಪ ಎಂದು ನಾವು ಹೇಳುತ್ತಿಲ್ಲ. ಮಣಿಪುರದ ಮೀರಾಬಾಯಿ ಚಾನು ಹುಡುಗಿಯಾಗಿದ್ದಾಗ ಗುಡ್ಡದಿಂದ ಸೌದೆ ಹೊರೆ ಹೊತ್ತವರು. 2021ರಲ್ಲಿ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಒಟ್ಟು 202 ಕಿಲೋ ಎತ್ತಿ ಬೆಳ್ಳಿ ಪದಕ ತಂದರು. ಎತ್ತುವ ಮೈ ಬಲವಾದ ಮೈ, ಮೂಳೆಗಳಿಗೂ ಅದು ಒಳ್ಳೆಯದು. ಆದರೆ ಪದಕಕ್ಕಾಗಿ ಎತ್ತುವವರು ತೂಕವನ್ನು ವರ್ಷಗಟ್ಟಲೆ ಸ್ವಲ್ಪಸ್ವಲ್ಪವೇ ಏರಿಸುತ್ತಾರೆ, ಕೆಲವು ಕ್ಷಣ ಎತ್ತಿ ಕೆಳಗಿಡುತ್ತಾರೆ, ಪಕ್ಕದಲ್ಲಿ ಗುರು ನಿಂತಿರುತ್ತಾನೆ, ಮೈ ಸರಿಯಿಲ್ಲದ ದಿನ ವಿಶ್ರಾಂತಿ ಇದೆ. ನಮ್ಮ ತಾಯಂದಿರಿಗೆ ಯಾವುದಿದೆ? ಹೆರಿಗೆಯಾಗಿ ಎರಡು ತಿಂಗಳಿಗೆ ಅವೇ ಬುಟ್ಟಿಗಳು, ಅಷ್ಟೇ ತೂಕ.

ಸೋರಿಕೆ ಶುರುವಾದ ಮೇಲೆ ನಮ್ಮವರು ಮಾಡುವ ಮೊದಲ ಕೆಲಸ ನೀರು ಕುಡಿಯುವುದನ್ನು ನಿಲ್ಲಿಸುವುದು. ಮದುವೆಗೆ ಹೋಗುವ ದಿನ ಬೆಳಗ್ಗಿನಿಂದ ಒಂದು ಲೋಟ ನೀರೂ ಇಲ್ಲ, ಅಡಿಕೆ ಹೆಕ್ಕುವ ಸುಡುಬಿಸಿಲಿನಲ್ಲೂ ಇಲ್ಲ. ಇದು ಶುದ್ಧ ತಪ್ಪು. ನೀರು ಕಡಿಮೆಯಾದರೆ ಮೂತ್ರ ಗಟ್ಟಿಯಾಗಿ ಮೂತ್ರಕೋಶವನ್ನು ಕೆರಳಿಸುತ್ತದೆ, ಉರಿಮೂತ್ರ ಬರುತ್ತದೆ, ಕಲ್ಲು ಕಟ್ಟುತ್ತದೆ, ಮಲ ಗಟ್ಟಿಯಾಗಿ ಮುಕ್ಕಬೇಕಾಗುತ್ತದೆ. ಮುಕ್ಕಿದರೆ ಅದೇ ಜೋಲಿಗೆ ಮತ್ತೆ ಪೆಟ್ಟು. ಎರಡನೆಯದು, ಯಾವುದಕ್ಕೂ ಇರಲಿ ಎಂದು ಅರ್ಧ ಗಂಟೆಗೊಮ್ಮೆ ಒಂದಕ್ಕೆ ಹೋಗಿ ಬರುವುದು. ಹೀಗೆ ಮಾಡಿದರೆ ಮೂತ್ರಕೋಶ ಸ್ವಲ್ಪ ತುಂಬಿದಾಗಲೇ ಅವಸರಪಡಿಸುವ ಅಭ್ಯಾಸ ಕಲಿಯುತ್ತದೆ. ಮೂರನೆಯದು ಬಟ್ಟೆ. ಬಟ್ಟೆ ಇಡುವುದರಲ್ಲಿ ತಪ್ಪಿಲ್ಲ. ಒದ್ದೆಯಾದದ್ದನ್ನು ಬೇಗ ಬದಲಾಯಿಸಿ, ಸಾಬೂನಿನಲ್ಲಿ ಒಗೆದು, ನಾಚಿಕೆಯಿಂದ ಸ್ನಾನದ ಕೊಟ್ಟಿಗೆಯ ಮೂಲೆಯಲ್ಲಿ ಆರಹಾಕದೆ ಬಿಸಿಲಿಗೆ ಹಾಕಬೇಕು, ಅಷ್ಟೇ.

ನಾಲ್ಕನೆಯದು ಇವೆಲ್ಲಕ್ಕಿಂತ ದೊಡ್ಡದು. 'ಮಕ್ಕಳಾಯಿತಲ್ಲ, ಗರ್ಭಕೋಶ ತೆಗೆಸಿಬಿಟ್ಟರೆ ಎಲ್ಲ ಸರಿಯಾಗುತ್ತದೆ' ಎಂಬ ಮಾತು ನಮ್ಮ ಮನೆಗಳಲ್ಲಿ ಪದೇಪದೇ ಕೇಳಿಬರುತ್ತದೆ. ಮೂತ್ರಕೋಶ ಬೇರೆ, ಗರ್ಭಕೋಶ ಬೇರೆ. ಗರ್ಭಕೋಶ ತೆಗೆಯುವುದು ಮೂತ್ರ ಸೋರುವುದಕ್ಕೆ ಚಿಕಿತ್ಸೆಯಲ್ಲ. ಬೇರೆ ಕಾರಣಗಳಿಂದ ಅದನ್ನು ತೆಗೆಯಬೇಕಾಗಿ ಬರಬಹುದು; ಆಗ ಯಾವ ಕಾರಣಕ್ಕೆ, ತೆಗೆಯದಿದ್ದರೆ ಏನಾಗುತ್ತದೆ, ಬೇರೆ ದಾರಿ ಏನಿದೆ ಎಂಬ ಮೂರು ಪ್ರಶ್ನೆಗಳನ್ನು ವೈದ್ಯರಿಗೆ ಕೇಳಿ, ಸಾಧ್ಯವಾದರೆ ಇನ್ನೊಬ್ಬ ವೈದ್ಯರನ್ನೂ ಕಂಡು ನಿರ್ಧರಿಸಿ. ನಮ್ಮ ಪರಿಚಯದ ಒಬ್ಬ ತಾಯಿ ಸೋರಿಕೆ ನಿಲ್ಲಲೆಂದೇ ಆ ವರ್ಷದ ಅಡಿಕೆಯ ಹಣ ಸುರಿದು ಗರ್ಭಕೋಶ ತೆಗೆಸಿಕೊಂಡರು. ಸೋರಿಕೆ ಇದ್ದ ಹಾಗೆಯೇ ಇದೆ.

ಹಾಗಾದರೆ ಮಾಡಬೇಕಾದದ್ದೇನು? 1948ರಲ್ಲೇ ಲಾಸ್ ಏಂಜಲೀಸ್‌ನ ಆರ್ನಲ್ಡ್ ಕೆಗೆಲ್ ಎಂಬ ಸ್ತ್ರೀರೋಗ ವೈದ್ಯರು ಈ ಸ್ನಾಯುಗಳಿಗೆ ವ್ಯಾಯಾಮವನ್ನು ಹೇಳಿಕೊಟ್ಟರು. ಇಂದಿಗೂ ಭಾರ ಎತ್ತುವಾಗಿನ ಸೋರಿಕೆಗೆ ವೈದ್ಯರು ಮೊದಲು ಹೇಳುವ ಚಿಕಿತ್ಸೆ ಅದೇ. ಮದ್ದಿಲ್ಲ, ಖರ್ಚಿಲ್ಲ. ನಮ್ಮಲ್ಲಿ ಖರ್ಚಿಲ್ಲದ್ದಕ್ಕೆ ಬೆಲೆಯಿಲ್ಲ ಎಂಬುದೊಂದು ತೊಂದರೆ, ಇರಲಿ.

ಮಾಡುವ ಕ್ರಮ ಹೀಗೆ. ಮೊದಲು ಸ್ನಾಯುವನ್ನು ಗುರುತಿಸಿಕೊಳ್ಳಬೇಕು. ಜನರ ನಡುವೆ ಇರುವಾಗ ವಾಯು ಹೊರಗೆ ಹೋಗದಂತೆ ಹಿಂದಿನ ದ್ವಾರವನ್ನು ಹೇಗೆ ಬಿಗಿಹಿಡಿಯುತ್ತೀರೋ ಹಾಗೆ ಬಿಗಿಹಿಡಿದು, ಜೊತೆಗೆ ಮೂತ್ರ ತಡೆಯುವವರಂತೆ ಮುಂದಿನ ಭಾಗವನ್ನೂ ಒಳಕ್ಕೆ, ಮೇಲಕ್ಕೆ ಎಳೆದುಕೊಳ್ಳಿ. ತೊಡೆ, ನಿತಂಬ, ಹೊಟ್ಟೆ ಬಿಗಿಯಬಾರದು, ಉಸಿರು ಕಟ್ಟಬಾರದು. ಪಕ್ಕದಲ್ಲಿ ಕುಳಿತವರಿಗೆ ನೀವು ಏನಾದರೂ ಮಾಡುತ್ತಿದ್ದೀರಿ ಎಂದು ಗೊತ್ತಾದರೆ ಮಾಡುತ್ತಿರುವುದು ತಪ್ಪು. ಎಳೆದುಕೊಂಡದ್ದನ್ನು ಆದಷ್ಟು ಹೊತ್ತು, ಮೊದಲಿಗೆ ಮೂರು ನಾಲ್ಕು ಎಣಿಕೆ, ಬರಬರುತ್ತ ಹತ್ತು ಎಣಿಕೆಯ ತನಕ, ಹಿಡಿದಿಟ್ಟು ಮೆಲ್ಲಗೆ ಪೂರ್ತಿ ಬಿಡಿ. ಹಿಡಿದಷ್ಟೇ ಹೊತ್ತು ಸಡಿಲವಾಗಿರಿ. ಬಿಡುವುದೂ ವ್ಯಾಯಾಮದ ಭಾಗವೇ ಎಂಬುದನ್ನು ಮರೆಯಬಾರದು. ಹೀಗೆ ಒಂದು ಸಲಕ್ಕೆ ಕನಿಷ್ಠ 8 ಬಾರಿ, ದಿನಕ್ಕೆ 3 ಸಲ. ಮೂರು ತಿಂಗಳು ಬಿಡದೆ ಮಾಡಬೇಕು. ಹದಿನೈದು ದಿನ ಮಾಡಿ ಫಲವಿಲ್ಲ ಎನ್ನುವವರು ಅಡಿಕೆ ಸಸಿ ನೆಟ್ಟು ಮರುವರ್ಷ ಗೊನೆ ಹುಡುಕುವವರ ಹಾಗೆ.

ಮೂತ್ರ ಮಾಡುತ್ತಿರುವಾಗಲೇ ನಡುವೆ ತಡೆದು ಅಭ್ಯಾಸ ಮಾಡುವುದು ಬೇಡ. ಸ್ನಾಯು ಯಾವುದೆಂದು ತಿಳಿಯಲು ಒಂದು ಸಲ ನೋಡಿದರೆ ಅಡ್ಡಿಯಿಲ್ಲ, ರೂಢಿ ಮಾಡಿಕೊಂಡರೆ ಮೂತ್ರಕೋಶ ಪೂರ್ತಿ ಖಾಲಿಯಾಗದೆ ಉಳಿಯುತ್ತದೆ. ಹೊತ್ತು ಯಾವುದೆಂದು ಕೇಳಿದರೆ, ಬೆಳಿಗ್ಗೆ ಏಳುವ ಮೊದಲು ಹಾಸಿಗೆಯಲ್ಲೇ ಒಂದು ಸಲ, ಮಧ್ಯಾಹ್ನ ಬಸ್ಸಿಗೆ ಕಾಯುವಾಗಲೋ ಊಟದ ನಂತರವೋ ಒಂದು ಸಲ, ಸಂಜೆಯ ಜಪಸರ ಮುಗಿಸಿ ಕುಳಿತಲ್ಲೇ ಒಂದು ಸಲ. ಹೊಸದಾಗಿ ಕಲಿಯುವವರಿಗೆ ಮಲಗಿ ಮಾಡುವುದು ಸುಲಭ. ಬಲ ಬಂದಂತೆ ಕುಳಿತು, ನಿಂತು ಮಾಡಬಹುದು.

ಇದರ ಜೊತೆ ಒಂದು ಸಣ್ಣ ಉಪಾಯವಿದೆ, ಹೊರೆ ಹೊರುವವರಿಗೆ ನಾವು ಮುಖ್ಯವಾಗಿ ಹೇಳಬೇಕೆಂದಿದ್ದುದು ಇದನ್ನೇ. ಕೆಮ್ಮು ಬರುತ್ತದೆ, ಸೀನು ಬರುತ್ತದೆ, ಬುಟ್ಟಿ ಎತ್ತಬೇಕು ಎಂದಾದಾಗ ಅದಕ್ಕೆ ಒಂದು ಕ್ಷಣ ಮೊದಲೇ ಆ ಸ್ನಾಯುವನ್ನು ಬಿಗಿದುಕೊಳ್ಳುವುದು. ಬಿಗಿದು, ಉಸಿರನ್ನು ಬಾಯಿಂದ ಹೊರಬಿಡುತ್ತ ಎತ್ತುವುದು. ನಮ್ಮವರು ಉಸಿರು ಕಟ್ಟಿ 'ಹುಂ' ಎಂದು ಎತ್ತುತ್ತಾರೆ. ಆಗ ಒತ್ತಡವೆಲ್ಲ ಕೆಳಕ್ಕೇ ಹೋಗುತ್ತದೆ. ಕೆಮ್ಮುವ ಮೊದಲು ಬಿಗಿದುಕೊಳ್ಳುವುದನ್ನು ವಯಸ್ಸಾದ ಮಹಿಳೆಯರಿಗೆ ಒಂದು ವಾರ ಕಲಿಸಿ ನೋಡಿದ ಅಧ್ಯಯನವೊಂದು 1998ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಆ ಒಂದೇ ವಾರದಲ್ಲಿ ಅವರಿಗೆ ಕೆಮ್ಮಿದಾಗ ಸೋರುವುದು ಬಹಳ ಕಡಿಮೆಯಾಗಿತ್ತು. ಸ್ನಾಯು ಬಲವಾಗಲು ತಿಂಗಳುಗಳು ಬೇಕು, ಹೊತ್ತಿಗೆ ಸರಿಯಾಗಿ ಬಿಗಿಯಲು ಕಲಿಯುವುದಕ್ಕೆ ಅಷ್ಟು ದಿನ ಬೇಡ.

ಎಲ್ಲ ಸೋರಿಕೆಯೂ ಒಂದೇ ಬಗೆಯದಲ್ಲ. ಕೆಲವರಿಗೆ ಭಾರ ಎತ್ತಿದಾಗ ಏನೂ ಆಗುವುದಿಲ್ಲ. ಆದರೆ ಮೂತ್ರದ ಅವಸರ ಒಮ್ಮೆಲೇ ಬಂದು, ಕೈಗೆ ನೀರು ತಾಗಿದರೆ ಸಾಕು, ಮನೆಯ ಬೀಗ ತೆಗೆಯುವಷ್ಟರಲ್ಲಿ ಹೋಗಿಬಿಡುತ್ತದೆ. ಇದು ಮೂತ್ರಕೋಶ ತಾನಾಗಿ ಹಿಂಡಿಕೊಳ್ಳುವುದರಿಂದ ಆಗುವುದು. ಇಂಥವರು ಚಹಾ, ಕಾಫಿ ಕಡಿಮೆ ಮಾಡಿ, ಒಂದಕ್ಕೆ ಹೋಗುವ ನಡುವಿನ ಹೊತ್ತನ್ನು ಹತ್ತು ಹದಿನೈದು ನಿಮಿಷದಂತೆ ಮೆಲ್ಲಮೆಲ್ಲನೆ ಹೆಚ್ಚಿಸುತ್ತ ಕನಿಷ್ಠ 6 ವಾರ ಅಭ್ಯಾಸ ಮಾಡಬೇಕು. ಇದಕ್ಕೆ ಮಾತ್ರೆಗಳೂ ಇವೆ, ವೈದ್ಯರು ಕೊಟ್ಟರೆ ಮಾತ್ರ. ಎರಡೂ ಬಗೆ ಕೂಡಿರುವವರೂ ಇದ್ದಾರೆ. ಮೂತ್ರದಲ್ಲಿ ರಕ್ತ, ಉರಿ, ಜ್ವರ, ಮೂತ್ರ ಕಟ್ಟಿಕೊಳ್ಳುವುದು, ಹೆರಿಗೆ ಅಥವಾ ಆಪರೇಷನ್ ನಂತರ ಹಗಲು ರಾತ್ರಿ ಎಡೆಬಿಡದೆ ಸೋರುವುದು, ಬೆನ್ನುನೋವಿನೊಂದಿಗೆ ಕಾಲುಗಳ ಅಥವಾ ತೊಡೆಸಂದಿನ ಸ್ಪರ್ಶ ಹೋಗುವುದು, ಇವುಗಳಲ್ಲಿ ಯಾವುದಿದ್ದರೂ ವ್ಯಾಯಾಮ ಮಾಡುತ್ತ ಕೂರದೆ ಆಸ್ಪತ್ರೆಗೆ ಹೋಗಬೇಕು. ಕೆಳಗೆ ಏನೋ ಜಾರಿ ಬಂದಂತೆ, ಗಡ್ಡೆ ಕೈಗೆ ತಾಗಿದಂತೆ ಆಗುವುದು ಗರ್ಭಕೋಶವೋ ಮೂತ್ರಕೋಶವೋ ಇಳಿದುದರ ಲಕ್ಷಣ. ಅದಕ್ಕೂ ಕತ್ತರಿಯೊಂದೇ ದಾರಿಯಲ್ಲ. ಒಳಗೆ ಇಡುವ ಸಿಲಿಕೋನಿನ ಬಳೆ ಇದೆ, ಪೆಸರಿ ಎನ್ನುತ್ತಾರೆ, ವೈದ್ಯರು ಅಳತೆ ನೋಡಿ ಹಾಕುತ್ತಾರೆ. ವ್ಯಾಯಾಮದಿಂದ ಗುಣವಾಗದವರಿಗೆ ಮೂತ್ರನಾಳಕ್ಕೆ ಆಧಾರ ಕೊಡುವ ಶಸ್ತ್ರಚಿಕಿತ್ಸೆಯೂ ಇದೆ. ವ್ಯಾಯಾಮ ಮಾಡುವಾಗ ನೋವಾಗುವವರು, ಸ್ನಾಯು ಸಡಿಲಿಸಲು ಬಾರದವರು ಫಿಜಿಯೋಥೆರಪಿಯವರನ್ನು ಕಾಣುವುದು ಒಳ್ಳೆಯದು.

ಬಾಣಂತನದ ವಿಷಯದಲ್ಲಿ ನಮ್ಮ ಹಿರಿಯರನ್ನು ಮೆಚ್ಚಬೇಕು. ನಲವತ್ತು ದಿನ ತವರಿನಲ್ಲಿ ಎಣ್ಣೆ, ಬಿಸಿನೀರು, ಮೆಂತೆ, ಯಾರೂ ಒಂದು ಚೆಂಬು ಎತ್ತಲು ಬಿಡುವುದಿಲ್ಲ. ಆದರೆ ಈ ಉಪಚಾರ ಚೊಚ್ಚಲಿಗೆ ಮಾತ್ರ. ಮೂರನೆಯ ಹೆರಿಗೆಗೆ ತವರಿನಲ್ಲಿ ತಾಯಿಗೆ ವಯಸ್ಸಾಗಿರುತ್ತದೆ, ಇಲ್ಲಿ ಹಸು ಕರೆಯಲು ಜನವಿರುವುದಿಲ್ಲ, ಹತ್ತನೆಯ ದಿನಕ್ಕೆ ಬಾವಿಕಟ್ಟೆ. ಸ್ನಾಯುವಿಗೆ ಪೆಟ್ಟು ಹೆಚ್ಚಾಗಿರುವುದು ಮಾತ್ರ ಮೂರು ಹೆತ್ತವಳಿಗೆ. ನಲವತ್ತು ದಿನದಲ್ಲಿ ಹೊರಗಿನ ಗಾಯ ಮಾಯುತ್ತದೆ, ಜೋಲಿ ಹಿಂದಿನ ಬಲಕ್ಕೆ ಬರಲು ಹಲವು ತಿಂಗಳು ಬೇಕು. ಆ ತಿಂಗಳುಗಳಲ್ಲಿ ಮಗುವಿಗಿಂತ ಭಾರವಾದದ್ದನ್ನು ಅವಳಿಂದ ಎತ್ತಿಸದಿರುವುದು ಅತ್ತೆ, ಮಾವ, ಗಂಡ ಎಲ್ಲರ ಹೊಣೆ. ಹೆರಿಗೆ ಸುಸೂತ್ರವಾಗಿದ್ದರೆ ಮೇಲೆ ಹೇಳಿದ ವ್ಯಾಯಾಮವನ್ನು ಕೆಲವೇ ದಿನಗಳಲ್ಲಿ ಮೆಲ್ಲಗೆ ಆರಂಭಿಸಬಹುದು. ಹೊಲಿಗೆ ಬಿದ್ದವರು ವೈದ್ಯರನ್ನು ಕೇಳಿ ಶುರುಮಾಡಲಿ.

ನೇಪಾಳದ ಗುಡ್ಡಗಾಡಿನಲ್ಲಿ ಹೆರಿಗೆಯ ಬೆನ್ನಿಗೇ ಡೋಕೋ ಎಂಬ ಬುಟ್ಟಿಯನ್ನು ಹಣೆಪಟ್ಟಿಗೆ ಕಟ್ಟಿ ಬೆನ್ನಿನಲ್ಲಿ ಹೊರುವ ಹೆಂಗಸರಲ್ಲಿ ಗರ್ಭಕೋಶ ಜಾರುವುದು ಎಷ್ಟು ಸಾಮಾನ್ಯವೆಂದರೆ, ವಿಷಯ ಕೊನೆಗೆ ಅಲ್ಲಿನ ಸುಪ್ರೀಂ ಕೋರ್ಟಿಗೇ ಹೋಯಿತು. 2008ರಲ್ಲಿ ಆ ನ್ಯಾಯಾಲಯ ಇದನ್ನು ಹೆಂಗಸರ ಹಕ್ಕಿನ ಪ್ರಶ್ನೆಯೆಂದು ಎತ್ತಿಹಿಡಿದು, ಸರಕಾರ ಕ್ರಮ ಕೈಗೊಳ್ಳಬೇಕೆಂದು ಹೇಳಿತು. ಹೊರೆ ಹೊರುವುದಕ್ಕೆ ಮಿತಿ ಬೇಕೆಂಬ ಮಾತೂ ಹೊಸತಲ್ಲ. 1967ರಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ, ಹೆಂಗಸರು ಹೊರುವ ತೂಕ ಗಂಡಸರದ್ದಕ್ಕಿಂತ ಗಣನೀಯವಾಗಿ ಕಡಿಮೆಯಿರಬೇಕು ಎಂದು ಒಪ್ಪಂದ ಮಾಡಿತು. ಗಂಡಸರಿಗೇ 55 ಕಿಲೋ ಮಿತಿ ಎಂಬುದು ಅದರ ಶಿಫಾರಸು. ನಮ್ಮ ಕೇರಳದಲ್ಲಿ ಹೊರೆ ಕಾರ್ಮಿಕರಿಗೆಂದೇ 1978ರ ಕಾನೂನಿದೆ, ಕ್ಷೇಮನಿಧಿ ಇದೆ. ಪೇಟೆಯಲ್ಲಿ ಲಾರಿಯಿಂದ ಚೀಲ ಇಳಿಸುವವರ ಬಳಿ ದರ, ತೂಕಗಳ ಬಗ್ಗೆ ನಾವು ಸ್ವರ ಏರಿಸಿ ಮಾತಾಡಲು ಹೆದರುತ್ತೇವೆ. ಅದೇ ಚೀಲ ಮನೆಯಂಗಳಕ್ಕೆ ಬಂದ ಮೇಲೆ ಕಾನೂನೂ ಇಲ್ಲ, ಸಂಘವೂ ಇಲ್ಲ, ಅವಳಿದ್ದಾಳೆ.

'ಕೆಲಸಕ್ಕೆ ಜನ ಸಿಗುವುದಿಲ್ಲ, ನಾವೇನು ಮಾಡುವುದು?' ಎಂದು ಮನೆಯ ಯಜಮಾನರು ಕೇಳುತ್ತಾರೆ. ಪ್ರಶ್ನೆ ನಿಜವೇ. ಆದರೆ ಜನ ಸಿಗದ್ದಕ್ಕೆ ಅಡಿಕೆ ಸುಲಿಯಲು ಯಂತ್ರ ಬಂತು, ಹುಲ್ಲು ಕತ್ತರಿಸಲು ಯಂತ್ರ ಬಂತು, ಮದ್ದು ಬಿಡಲು ಪಂಪು ಬಂತು. ಗಂಡಸರು ಮಾಡುವ ಕೆಲಸಕ್ಕೆಲ್ಲ ಸಾಲ ಮಾಡಿಯಾದರೂ ಯಂತ್ರ ತರುತ್ತೇವೆ. ಬಾವಿಯಿಂದ ಹಟ್ಟಿಗೆ ಅರ್ಧ ಇಂಚಿನ ಪೈಪು ಎಳೆದು ಒಂದು ನಲ್ಲಿ ಇಡಲು ಮಾತ್ರ ಪ್ರತಿ ಬೇಸಿಗೆಯಲ್ಲೂ ಮುಂದಿನ ಬೇಸಿಗೆಗೆ ನೋಡೋಣ ಎನ್ನುತ್ತೇವೆ.

ಖರ್ಚು ಕಡಿಮೆಯ ದಾರಿಗಳು ಎಷ್ಟೋ ಇವೆ. ನಮ್ಮ ತೋಟಗಳು ಹೆಚ್ಚಾಗಿ ಮನೆ, ಹಟ್ಟಿಗಳಿಗಿಂತ ತಗ್ಗಿನಲ್ಲಿವೆ. ಗೋಬರ್ ಗ್ಯಾಸ್ ಇರುವವರು ಅದರ ಸ್ಲರಿಯನ್ನು ಪೈಪಿನಲ್ಲಿ ಇಳಿಯಬಿಟ್ಟರೆ ಅದು ತಾನಾಗಿ ತೋಟ ಸೇರುತ್ತದೆ, ಒಂದು ಬುಟ್ಟಿಯೂ ತಲೆಗೇರಬೇಕಾಗಿಲ್ಲ. ಒಂದು ಚಕ್ರದ ಕೈಗಾಡಿ ಹೋಗುವಷ್ಟು ಅಗಲದ ದಾರಿಯನ್ನು ತೋಟದ ನಡುವೆ ಬಿಟ್ಟುಕೊಳ್ಳಿ. ಇಳಿಜಾರಿನಲ್ಲಿ ಮೆಟ್ಟಿಲು ಕಡಿದಲ್ಲೆಲ್ಲ ಪಕ್ಕದಲ್ಲಿ ಓರೆಯಾಗಿ ಸಮತಟ್ಟು ಮಾಡಿದರೆ ಸಾಕು. 50 ಕಿಲೋ ಚೀಲವನ್ನು ರಿಕ್ಷಾದಿಂದ ಇಳಿಸಿದಲ್ಲೇ ಬಿಚ್ಚಿ ನಾಲ್ಕು ಬಕೆಟ್ಟುಗಳಲ್ಲಿ ಒಯ್ಯಿರಿ. ಎರಡು ನಡಿಗೆ ಹೆಚ್ಚಾದರೆ ಕಾಲಿಗೇನೂ ಆಗುವುದಿಲ್ಲ. ಗೊಬ್ಬರ ತುಂಬಿಸುವವರು ದಾಕ್ಷಿಣ್ಯಕ್ಕೆ ಒಂದು ಹಾರೆ ಹೆಚ್ಚು ಹಾಕುವುದನ್ನು ಬಿಟ್ಟು ಅರ್ಧ ಬುಟ್ಟಿಗೇ ನಿಲ್ಲಿಸಲಿ.

ಕೊನೆಯದಾಗಿ ಆ ಕಲ್ಲಿನ ವಿಷಯ. ಬಸ್ಸು, ಲಾರಿ ಇಲ್ಲದ ಕಾಲದಲ್ಲಿ ತಲೆಹೊರೆಯವರಿಗಾಗಿ ದಾರಿಯ ಬದಿಯಲ್ಲಿ ಕಲ್ಲುಗಳನ್ನು ನಿಲ್ಲಿಸುತ್ತಿದ್ದರು. ಎರಡು ಕಂಬ, ಮೇಲೊಂದು ಅಡ್ಡ ಚಪ್ಪಡಿ. ಮಲಯಾಳದಲ್ಲಿ ಇದಕ್ಕೆ ಅತ್ತಾಣಿ ಎನ್ನುತ್ತಾರೆ. ಅದೇ ಹೆಸರಿನ ಊರುಗಳೂ ಇವೆ. ಇನ್ನೊಬ್ಬರ ಸಹಾಯವಿಲ್ಲದೆ, ಬಗ್ಗದೆ, ಹೊರೆಯನ್ನು ಅದರ ಮೇಲೆ ಜಾರಿಸಿ ದಣಿವಾರಿಸಿಕೊಂಡು ಮತ್ತೆ ತಲೆಗೆ ಎಳೆದುಕೊಳ್ಳಬಹುದಿತ್ತು. ಒಳಗಿನ ಜೋಲಿಗೆ ಪೆಟ್ಟು ಬೀಳುವುದು ಹೊರೆ ಹೊತ್ತು ನಡೆಯುವಾಗಿನದಕ್ಕಿಂತ ನೆಲದಿಂದ ಮೇಲೆತ್ತುವ ಕ್ಷಣದಲ್ಲಿ ಹೆಚ್ಚು. ಹಿಂದಿನವರು ಬೇರೆ ಕಾರಣಕ್ಕೆ ಕಟ್ಟಿದ್ದರೂ ಕೆಲಸಕ್ಕೆ ಬರುವುದು ಇಲ್ಲಿಯೇ.

ಹಟ್ಟಿಯ ಗೊಬ್ಬರಗುಂಡಿಯ ಪಕ್ಕ ಒಂದು, ತೋಟದ ಅರ್ಧದಾರಿಯಲ್ಲಿ ಒಂದು, ಹೀಗೆ ಎರಡು ಕಟ್ಟೆಗಳನ್ನು ಮುರಕಲ್ಲಿನಿಂದ ಕಟ್ಟಿಸಿ ಎಂಬುದು ನಮ್ಮ ಸಲಹೆ. ಮನೆಯ ಹಿಂದೆ ಬಿದ್ದಿರುವ ಹಳೇ ಕಲ್ಲುಗಳೇ ಸಾಕು, ಮೇಸ್ತ್ರಿಗೆ ಅರ್ಧ ದಿನದ ಕೆಲಸ. ಖಾಲಿ ಬುಟ್ಟಿಯನ್ನು ಕಟ್ಟೆಯ ಮೇಲಿಟ್ಟು, ಗೊಬ್ಬರವನ್ನು ಸಣ್ಣ ಬಾಣಲೆಯಲ್ಲಿ ಸ್ವಲ್ಪಸ್ವಲ್ಪವೇ ಅದಕ್ಕೆ ಸುರಿದು, ಸಿಂಬೆ ಇಟ್ಟುಕೊಂಡು ಮೊಣಕಾಲು ತುಸು ಬಗ್ಗಿಸಿ ತಲೆಗೆ ಎಳೆದುಕೊಂಡರೆ ನೆಲದಿಂದ ಎತ್ತುವ ಪ್ರಮೇಯವೇ ಇಲ್ಲ. ಎತ್ತರ ಸರಿಸುಮಾರು ಎದೆಮಟ್ಟ ಇರಬೇಕು. ಆದರೆ ಕಟ್ಟಿಸುವ ದಿನ ಅಳತೆಗೆ ಯಜಮಾನರು ನಿಲ್ಲುವುದು ಬೇಡ. ಬುಟ್ಟಿ ಹೊರುವವಳನ್ನೇ ಕರೆದು ನಿಲ್ಲಿಸಿ, ಅವಳ ಎದೆಯ ಮಟ್ಟಕ್ಕೆ ಗೋಡೆಯ ಮೇಲೆ ಇದ್ದಿಲಿನಿಂದ ಒಂದು ಗುರುತು ಎಳೆದು, ಮೇಸ್ತ್ರಿಗೆ ಅದನ್ನೇ ತೋರಿಸಿ.